ಎದುರಿನ ಕುರ್ಚಿ

ಅಪ್ಪನ ಕೋಟಿನ ಒಳಜೇಬಿಗೆ ಕೈ ಹಾಕಿ ತಡಕುತ್ತಿದ್ದ ಮಗಳು ಸೋದರತ್ತೆಯ ಕಣ್ಣಿಗೆ ಬಿದ್ದೇಬಿಟ್ಟಳು.

"ಏನೇ ಅದು? ಹೊರಗೆ ನಿಮ್ಮಮ್ಮನ ಹೆಣ ಮಲಗಿಸಿದಾರೆ, ಇಲ್ಲಿ ನೀನು ಜೇಬು ತಡಕ್ತಿದೀಯಲ್ಲ!"

"ಅಮ್ಮನ ಮೇಲೆ ಅಪ್ಪ ಬರೆದಿರೋ ಪದ್ಯ, ಅತ್ತೆ. ಅದನ್ನ ಇವತ್ತು ಓದಬಾರದು."

"ಯಾಕಂತೆ? ಕಟ್ಟಿಕೊಂಡವಳನ್ನ ಅವನು ನಾಲ್ಕು ಮಾತು ಹೊಗಳಿದ್ರೆ ನಿನ್ನ ಗಂಟೇನು ಹೋಗುತ್ತೆ? ಕಾಗದ ಅವನ ಕೈಲೇ ಇದೆ, ಬಿಡು."

ಅಮ್ಮನಿಗೆ ಮಾತು ಕೊಟ್ಟಾಗಿತ್ತು. ಅಪ್ಪನೋ, ನಿನ್ನೆಯಿಂದ ತೊಟ್ಟು ನೀರೂ ಕುಡಿದಿಲ್ಲ. ಇಂಥ ಜೀವದ ಬಾಯಿ ಮುಚ್ಚಿಸುವುದು ಹೇಗೆ? ಅತ್ತ ದರಿ, ಇತ್ತ ಪುಲಿ.

*

ಅಮ್ಮ ಕಾಲೇಜಿನಲ್ಲಿ ನಾನೂರು ವರ್ಷ ಹಿಂದಿನ, ರೆನೈಸಾನ್ಸ್ ಕಾಲದ ಇಂಗ್ಲಿಷ್ ಪ್ರೇಮಕವಿತೆ ಪಾಠ ಮಾಡುತ್ತಿದ್ದಳು. ಮೇಜಿನ ಎದುರು ಒಂದು ಖಾಲಿ ಕುರ್ಚಿ ಇಡಿಸುವಳು. ಅದು ಪದ್ಯದೊಳಗಿನ ಹೆಣ್ಣಿನದು. ಒಬ್ಬರು ಪದ್ಯ ಓದಬೇಕು, ಇನ್ನೊಬ್ಬರು ಅಲ್ಲಿ ಕೂತು ಅವಳ ಪರವಾಗಿ ಉತ್ತರ ಕೊಡಬೇಕು.

"ಕಣ್ಣು ನಕ್ಷತ್ರವಂತೆ, ತುಟಿ ಹವಳವಂತೆ. ಹವಳ ಮಾತಾಡಿದ್ದನ್ನ ಯಾರಾದ್ರೂ ಕೇಳಿದೀರೇನ್ರೋ? ಅಟ್ಟಕ್ಕೇರಿಸಿ ಏಣಿ ತೆಗೆಯೋದು ಅಂದ್ರೆ ಇದೇ!"

ತರಗತಿ ಗೊಳ್ಳೆಂದು ನಗುತ್ತಿತ್ತು.

ಮನೆಯಲ್ಲಿ ಮಾತ್ರ ಆ ಕುರ್ಚಿ ಇರಲಿಲ್ಲ. ಅಪ್ಪ ಅದೇ ವಿಭಾಗದ ಮುಖ್ಯಸ್ಥರು. ವರ್ಷವರ್ಷವೂ ಮದುವೆಯಾದ ದಿನ ನೆಂಟರ ಮುಂದೆ ಅವಳ ಮೇಲೊಂದು ಪದ್ಯ ಓದುವರು. ಲೋಟಗಳ ತಟ್ಟೆ ಹಿಡಿದು ನಿಂತ ಅಮ್ಮ ಸುಮ್ಮನೆ ನಗುವಳು.

"ನೀನ್ಯಾಕಮ್ಮ ಉತ್ತರ ಕೊಡಲ್ಲ?"

"ಅವರು ಕೇಳಿದ್ರೆ ತಾನೆ?"

ಕೊನೆಗೆ ಆಸ್ಪತ್ರೆಯಲ್ಲಿ ಮಗಳ ಕೈ ಹಿಡಿದು ಹೇಳಿದ್ದಳು: "ಇಷ್ಟು ದಿನ ಬಾಯಿದ್ದೂ ಸುಮ್ಮನಿದ್ದೆ. ಬಾಯಿ ತೆರೆಯೋಕೇ ಆಗದ ದಿನ ಅವರು ಓದೋದು ಬೇಡ ಕಣೇ."

*

ಹೊರಗೆ ಅಮ್ಮನ ತಲೆಯ ಬಳಿ ನಿಂತು ಅಪ್ಪ ಕನ್ನಡಕ ಏರಿಸಿ ಕಾಗದ ಬಿಚ್ಚಿದರು.

"ಮೌನವೇ ನಿನ್ನ ಚೆಲುವು..."

ಮಗಳು ಗೋಡೆ ಬದಿಯ ಕುರ್ಚಿಯನ್ನು ಕರ್ರೆಂದು ಎಳೆದು ತಂದು ಅಪ್ಪನ ಎದುರಿಗಿಟ್ಟಳು.

"ಹುಚ್ಚು ಹಿಡೀತೇನೇ ನಿನಗೆ?" ಅತ್ತೆ ಗದರಿದಳು.

ಅಮ್ಮನ ಹಳೆಯ ವಿದ್ಯಾರ್ಥಿಗಳು ಹಿಂದೆ ನಿಂತಿದ್ದರು; ಅವರಲ್ಲಿ ಒಬ್ಬಳು ಬಿಕ್ಕಿದಳು. ಕೂರಲು ಮಾತ್ರ ಯಾರೂ ಮುಂದೆ ಬರಲಿಲ್ಲ.

ಅಮ್ಮನ ತರಗತಿಯ ಬಾಗಿಲಲ್ಲಿ ಹಾದುಹೋಗುವಾಗ ಅಪ್ಪ ಆ ಕುರ್ಚಿಯನ್ನು ಎಷ್ಟೋ ಸಲ ನೋಡಿದ್ದರು. ಎರಡನೇ ಸಾಲಿಗೆ ತೆರೆದ ಬಾಯಿ ಹಾಗೇ ನಿಂತಿತು. ಅವರು ಕಾಗದ ಕೆಳಗಿಳಿಸಿದರು.

"ಏನಾದ್ರೂ ಹೇಳೇ," ಅಂದರು ಅಮ್ಮನಿಗೆ, ಸಣ್ಣ ದನಿಯಲ್ಲಿ.

ಆಮೇಲೆ ಖಾಲಿ ಕುರ್ಚಿಯ ಕಡೆ ಬಾಗಿ, ಕಿವಿಗೆ ಕೈ ಹಚ್ಚಿ, ಅಪ್ಪ ಕಾಯುತ್ತ ನಿಂತರು.