ಬಾಡಿಗೆಯ ತೋಳು

ಊರಿನಲ್ಲಿ ಯಾರ ಸೂರು ಸೋರಿದರೂ ಹೆಂಚಿನ ಮೇಸ್ತ್ರಿಗೇ ಕರೆ. ವಯಸ್ಸಾಗಿದ್ದರೇನು, ಏಣಿ ಕಂಡರೆ ಮುದುಕನ ಕಾಲು ಸುಮ್ಮನಿರುತ್ತಿರಲಿಲ್ಲ. ಆರೋಗ್ಯ ಕೇಂದ್ರದಲ್ಲಿ ಅವನ ಬಿಪಿ ಹೆಚ್ಚು ಕಂಡದ್ದೇ ತಡ, ನರ್ಸಮ್ಮ ಮನೆಗೇ ಮಿಷನ್ನು ತಂದುಕೊಟ್ಟಳು.

"ದಿನಾ ಬೆಳಿಗ್ಗೆ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿ ಅಜ್ಜ. ಅಂಕಿ ತಾನಾಗೇ ನನ್ನ ಫೋನಿಗೆ ಬರುತ್ತೆ. ಹೀಗೇ ಮೇಲಿತ್ತೋ, ಏಣಿ ಕಿತ್ಕೋತೀನಿ."

ನೆಲದ ಮೇಲೆ ಕೂತು ಮೇಸ್ತ್ರಿ ಮಾಡುವುದಾದರೂ ಏನು? ಗುಂಡುಕಲ್ಲಿನಂಥ ಹೆಂಡತಿಯನ್ನು ಕೂಗಿದ.

"ಲೇ, ಕೈ ಕೊಡೇ ಇಲ್ಲಿ."

"ಮದುವೇಲಿ ಒಂದ್ಸಲ ಹಿಡಿದ ಕೈ, ಈಗ ದಿನಾ ಬೇಕಾ? ಮುಪ್ಪಲ್ಲಿ ಪ್ರೀತಿ ಉಕ್ತಿದೆಯೇನ್ರೀ?" ಎನ್ನುತ್ತಲೇ ಅವಳು ತೋಳು ಚಾಚುತ್ತಿದ್ದಳು. ಮನೆಯಲ್ಲಿ ಕೂತು ಉಪ್ಪು ಹೆಚ್ಚು, ಖಾರ ಕಡಿಮೆ ಎನ್ನುವ ಗಂಡನಿಗಿಂತ ಸೂರಿನ ಮೇಲಿರುವ ಗಂಡನೇ ವಾಸಿ ಎಂಬುದು ಅವಳ ಲೆಕ್ಕ.

ಅಂಕಿಗಳು ಬಂಗಾರದಂಥವು. "ಅಜ್ಜ ಹುಡುಗ ಆಗ್ಬಿಟ್ರು!" ಎಂದು ನರ್ಸಮ್ಮ ಬೀಗಿದಳು.

ಒಂದು ಬೆಳಿಗ್ಗೆ ಗುಂಡಿ ಒತ್ತಿ, ಅಂಕಿ ನೋಡದೆಯೇ ಬಂದ ಮೇಸ್ತ್ರಿ ಪಕ್ಕದವರ ಕೊಟ್ಟಿಗೆಯ ಮೇಲೆ ಕೂತು ಒಡೆದ ಹೆಂಚು ತೆಗೆಯುತ್ತಿದ್ದ. ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಅಜ್ಜ, ಬಿಪಿ ಸಿಕ್ಕಾಪಟ್ಟೆ ಏರಿದೆ. ಇದ್ದಲ್ಲೇ ಮಲಗಿ, ಅಲ್ಲಾಡಬೇಡಿ. ಬಂದೆ!"

ಸೂರಿನ ಮೇಲೆ ಮಲಗುವುದು ಹೇಗಪ್ಪಾ ಎಂದು ನಗು ಬಂತು. ಮರುಗಳಿಗೆಯೇ ನೆನಪಾಯಿತು. ಅಂಕಿ ಅವನದಲ್ಲ, ಅವಳದು. ಅವಳೋ ಈಗ ಬಾವಿಯಲ್ಲಿ ನೀರು ಸೇದುತ್ತಿರುತ್ತಾಳೆ! ಮುದುಕ ಏಣಿಯಿಂದ ಹೇಗೆ ಇಳಿದನೋ ಅವನಿಗೇ ತಿಳಿಯದು.

ನರ್ಸಮ್ಮ ಬಂದಾಗ ಹೆಂಡತಿ ಮಂಚದ ಮೇಲೆ, ಮೇಸ್ತ್ರಿ ಬಾಗಿಲಲ್ಲಿ.

"ನಿಮ್ಗೆ ಮಲಗಿ ಅಂದ್ರೆ ಅಜ್ಜೀನ ಮಲಗಿಸಿದ್ದೀರಲ್ಲ!"

ನಾಲಿಗೆಯ ತುದಿಗೊಂದು ಸುಳ್ಳು ಬಂದಿತ್ತು. ನುಂಗಿಕೊಂಡ. "ತೋಳು ಅವಳದ್ದು ನರ್ಸಮ್ಮ. ದಿನಾ ಅವಳದ್ದೇ. ಏಣಿ ಬೇಕಾದ್ರೆ ಈಗ್ಲೇ ತಗೊಂಡ್ಹೋಗು, ಮೊದ್ಲು ಅವಳನ್ನ ನೋಡು."

ನರ್ಸಮ್ಮ ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದ ಮಾತ್ರೆ ಕೊಟ್ಟು, ಅಜ್ಜಿಯನ್ನು ಕರೆದೊಯ್ಯಲು ಗಾಡಿಗೆ ಹೇಳಿದಳು. ಆಮೇಲೆ ಮೇಸ್ತ್ರಿಯ ತೋಳಿಗೂ ಪಟ್ಟಿ ಸುತ್ತಿದಳು. ಅದೂ ಮೇಲೆಯೇ.

"ಚೆನ್ನಾಗಿದೆ ಜೋಡಿ!" ಎಂದು ಹೊರಗಿಣುಕಿ, ಪಕ್ಕದವರಿಗೆ ಕೂಗಿದಳು, "ಆ ಏಣಿ ಒಳಗಿಟ್ಕೊಳ್ಳಿ. ಅಜ್ಜ ಕೇಳಿದ್ರೆ ಕೊಡ್ಬೇಡಿ!"

ಮಂಚದಿಂದ ದನಿ ಬಂತು: "ಹರಳೆಣ್ಣೆ ಕುಡಿದವರ ಹಾಗೆ ಯಾಕ್ರೀ ನಿಂತ್ರಿ? ಏಣಿ ಹತ್ತಿದ್ದು ಸಾಕು, ಒಲೆ ಹಚ್ಚೋದು ಕಲೀರಿ."

ಮೇಸ್ತ್ರಿ ಅಡುಗೆಮನೆಗೆ ಹೋದ. ಡಬ್ಬಗಳು ಧಡಧಡ ಉರುಳಿದವು.

"ಲೇ, ಬೆಂಕಿಪೊಟ್ಟಣ ಎಲ್ಲಿಡ್ತೀಯೇ?"

"ಕಣ್ಣೆದುರಿಗೇ ಇದೆ. ಊರವರ ಹೆಂಚಿನ ಬಿರುಕೆಲ್ಲ ಕಾಣತ್ತೆ, ಅದು ಕಾಣಲ್ವಾ?"