ಹಾಡಿಲ್ಲದ ಮೆರವಣಿಗೆ

ಬಾವುಟದ ಒಂದು ತುದಿ ಆಗಲೇ ಅಪ್ಪನ ಪಾದ ಮುಚ್ಚಿತ್ತು. ಇನ್ನೊಂದು ತುದಿಯನ್ನು ಮಲರ್ ಹಿಡಿದುಕೊಂಡಳು, ಬಿಡಲಿಲ್ಲ.

“ಕೈ ತೆಗಿ ಅಕ್ಕಾ,” ಎಂದ ಸೆಲ್ವರಾಸ, ದನಿ ಏರಿಸದೆ. “ಜನ ನೋಡ್ತಿದ್ದಾರೆ.”

ಅಂಗಳದ ತುಂಬ ಜನ. ಕಿಳಿನೊಚ್ಚಿಯಿಂದ, ಮನ್ನಾರಿನಿಂದ ವ್ಯಾನು ಮಾಡಿಕೊಂಡು ಬಂದವರು. ಅವರೆಲ್ಲರಿಗೂ ತಿಲ್ಲೈನಾದನ್ ಮಾಸ್ಟರ್ ಎಂದರೆ ಮಣ್ಣಿನ ಹಾಡು ಬರೆದ ಕವಿ. ಒಂದು ಕಾಲಕ್ಕೆ ಯಾಳ್ಪಾಣದಲ್ಲಿ, ಅಂದರೆ ಜಾಫ್ನಾದಲ್ಲಿ, ಆ ಹಾಡು ಬಾಯಿಗೆ ಬಾರದ ಹುಡುಗನೇ ಇರಲಿಲ್ಲ. ತಮಿಳರ ಪಕ್ಷದ ಸೆಲ್ವರಾಸ ಅವರ ಹಳೆಯ ವಿದ್ಯಾರ್ಥಿ. ಬೆಳಿಗ್ಗೆಯೇ ಬಂದು ಪಂದಲು, ಮೈಕು, ಭಾಷಣಕಾರರು ಎಲ್ಲವನ್ನೂ ಹೊಂದಿಸಿದ್ದ. ಹೆಣ ಎತ್ತುವಾಗ ಸಾವಿರ ಬಾಯಲ್ಲಿ ಆ ಹಾಡು ಏಳಬೇಕು ಎಂಬುದು ಅವನ ಆಸೆ.

ಬೇಲಿಯಾಚೆ ತಾಳೆಮರದ ಕೆಳಗೆ ಮೋಟಾರ್ ಸೈಕಲ್ಲಿಗೆ ಒರಗಿ ಇಬ್ಬರು ನಿಂತಿದ್ದರು. ಮಫ್ತಿಯಲ್ಲಿದ್ದರೂ ಪೊಲೀಸರೆಂದು ಊರಿಗೆಲ್ಲ ಗೊತ್ತು. ಅವರಲ್ಲಿ ಕನ್ನಡಕದವನು ಬೆಳಿಗ್ಗೆ ಬಾಗಿಲಿಗೇ ಬಂದು, ಹರಕು ತಮಿಳಿನಲ್ಲಿ, ಬಾವುಟವೋ ಹಾಡೋ ಕಂಡರೆ ಮನೆಯವರ ಮೇಲೆ ಕೇಸು ಹಾಕುವುದಾಗಿ ಹೇಳಿ ಹೋಗಿದ್ದ.

ಮಲರ್‌ಗೆ ಭಯವಿತ್ತು, ನಿಜ. ಆದರೆ ಅವಳು ಬಾವುಟ ಹಿಡಿದದ್ದು ಅದಕ್ಕಲ್ಲ.

*

ಯುದ್ಧ ಮುಗಿದ ಮರುವರ್ಷ ಅನ್ನಪಾಕ್ಕಿಯಂ ಈ ಮನೆಯ ಗೇಟಿಗೆ ಬಂದು ನಿಂತದ್ದು ಶಾಪ ಹಾಕಲಿಕ್ಕೆ. ಹತ್ತನೇ ಕ್ಲಾಸಿನಲ್ಲಿ ಮಾಸ್ಟರ ಹಾಡು ಕೇಳಿ ಅವಳ ಮಗ ಕುಗನ್ ಬಂದೂಕು ಹಿಡಿಯಲು ಕಾಡು ಸೇರಿದ್ದ. ಯುದ್ಧದ ಕೊನೆಯ ದಿನ, ವಿಚಾರಿಸಿ ಬಿಟ್ಟುಬಿಡುತ್ತೇವೆ ಎಂದ ಸೈನಿಕರಿಗೆ ಅವಳೇ ಕೈಹಿಡಿದು ಅವನನ್ನು ಒಪ್ಪಿಸಿದ್ದಳು. ಮತ್ತೆ ಸುದ್ದಿಯಿಲ್ಲ.

ಅವಳು ಬೈದು ಮುಗಿಸುವವರೆಗೂ ಅಪ್ಪ ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ, ಮಗನನ್ನು ಹುಡುಕಿಕೊಡಿ ಎಂದು ಅರ್ಜಿ ಕೊಟ್ಟಿದ್ದೀಯಾ ಎಂದು ಕೇಳಿದರು. ತಮಿಳಿನಲ್ಲಿ ಕೊಟ್ಟಿದ್ದಳಂತೆ. ಸರ್ಕಾರಿ ಕಚೇರಿಯಲ್ಲಿ ಅದನ್ನು ಓದುವವರಿಲ್ಲ ಎಂದು ವಾಪಸು ಕಳಿಸಿದ್ದರಂತೆ.

ಅದಾದ ಕೆಲವು ದಿನಕ್ಕೆ ಪೇಪರಿನ ಮರೆಯಲ್ಲಿ ಅಪ್ಪ ಒಂದನೇ ತರಗತಿಯ ಸಿಂಹಳ ಪುಸ್ತಕ ಇಟ್ಟುಕೊಂಡು ಅಕ್ಷರ ತಿದ್ದುತ್ತಿರುವುದನ್ನು ಮಲರ್ ನೋಡಿದಳು. ಹರೆಯದಲ್ಲಿ ಆ ಅಕ್ಷರದ ಬೋರ್ಡುಗಳಿಗೆ ತಾರು ಬಳಿದು ಜೈಲು ಕಂಡ ಮನುಷ್ಯ! ಅವಳಿಗೆ ಮೈ ಉರಿದುಹೋಯಿತು.

“ನನ್ನ ತಮಿಳನ್ನ ಮಕ್ಕಳು ಚೆನ್ನಾಗೇ ಕೇಳಿಸ್ಕೊಂಡ್ರಮ್ಮಾ,” ಎಂದರು ಅಪ್ಪ, ತಲೆಯೆತ್ತದೆ. “ಈಗ ಕೇಳಿಸ್ಕೋಬೇಕಾದವರು ಬೇರೆ.”

ಎರಡು ದಿನ ಅವಳು ಅವರೊಡನೆ ಮಾತಾಡಲಿಲ್ಲ. ಆಮೇಲೆ ಮಂಗಳವಾರ ಮಂಗಳವಾರ ಮಕ್ಕಳು ಕಾಣೆಯಾದ ತಾಯಂದಿರು ಅಪ್ಪನಿಂದ ಸಿಂಹಳದಲ್ಲಿ ಅರ್ಜಿ ಬರೆಸಿಕೊಳ್ಳಲು ಹಿತ್ತಲ ಬಾಗಿಲಿನಿಂದ ಬರತೊಡಗಿದರು, ಮಲರ್ ಅವರಿಗೆ ಚಹಾ ಮಾಡಿ ಕೊಡತೊಡಗಿದಳು. ಹನ್ನೆರಡು ವರ್ಷ ಅಪ್ಪ ಕವಿತೆಯ ಒಂದು ಸಾಲೂ ಬರೆಯಲಿಲ್ಲ. ತಾವು ಸತ್ತಾಗ ಆ ಹಾಡೂ ಬೇಡ, ಬಾವುಟವೂ ಬೇಡವೆಂದು ಅವಳಿಂದ ಮಾತು ತೆಗೆದುಕೊಂಡಿದ್ದರು.

*

“ಪೊಲೀಸಿಗೆ ಹೆದರಿ ಅಪ್ಪನ್ನೇ ಮಾರ್ತೀಯಾ?” ಎಂದ ಸೆಲ್ವರಾಸ. ಈ ಸಲ ಎಲ್ಲರಿಗೂ ಕೇಳಿಸಿತು. ಮೈಕಿನವನಿಗೆ ಕಣ್ಸನ್ನೆ ಮಾಡಿದ. ಹಾಡಿನ ಮೊದಲ ಸಾಲು ಪಂದಲಿನಿಂದ ಹೊರಟಿತು. ಬೇಲಿಯಾಚೆ ಕನ್ನಡಕದವನು ಫೋನು ಎತ್ತಿ ಹಿಡಿದ.

ಹೆಣದ ಬಾಯಿಗೆ ಅಕ್ಕಿ ಹಾಕಲು ಸಾಲಿನಲ್ಲಿ ನಿಂತಿದ್ದ ಅನ್ನಪಾಕ್ಕಿಯಂ ಮುಂದೆ ಬಂದಳು. ಹಿಡಿಯಲ್ಲಿ ಅಕ್ಕಿ ಹಾಗೇ ಇತ್ತು.

“ತಂಬೀ, ನೀನೂ ನನ್ನ ಕುಗನೂ ಒಂದೇ ಬೆಂಚಲ್ಲಿ ಕೂತು ಈ ಹಾಡು ಕೇಳಿದವರು,” ಎಂದಳು. “ನಿನ್ನಪ್ಪ ನಿನ್ನನ್ನ ಕೊಲಂಬೊ ಬಸ್ಸು ಹತ್ತಿಸಿದ. ಒಳ್ಳೇದೇ ಮಾಡಿದ. ನನಗೆ ಅಷ್ಟು ಬುದ್ಧಿ ಇರಲಿಲ್ಲ.”

ಸೆಲ್ವರಾಸ ಅವಳ ಹಿಡಿಯಲ್ಲಿದ್ದ ಅಕ್ಕಿಯತ್ತ ನೋಡಿದ.

“ಈ ಹಾಡೇ ನನ್ನ ಮಗನ್ನ ಕಿತ್ಕೊಳ್ತು ಅಂತ ಮಾಸ್ಟರ್ ಹತ್ರ ನಾನು ಹನ್ನೆರಡು ವರ್ಷ ಹೇಳಿದೆ. ಒಂದು ದಿನಾನೂ ಎದುರು ಮಾತಾಡಲಿಲ್ಲ. ಇವತ್ತು ಅವರನ್ನ ಸುಮ್ಮನೆ ಹೋಗೋಕೆ ಬಿಡು.”

ಮೈಕು ನಿಂತಿತು. ನಿಲ್ಲಿಸಿದವರು ಯಾರೋ ತಿಳಿಯಲಿಲ್ಲ. ಸೆಲ್ವರಾಸ ಬಾವುಟವನ್ನು ನಿಧಾನವಾಗಿ ಮಡಿಚಿ ಕಂಕುಳಲ್ಲಿಟ್ಟುಕೊಂಡು ಹೊರಗೆ ನಡೆದ. ಅವನ ಹಿಂದೆ ಅರ್ಧ ಅಂಗಳ ಖಾಲಿಯಾಯಿತು. ಕವಿಯ ಮಗಳಿಗೆ ಪೊಲೀಸರಿಂದ ಎಷ್ಟು ದುಡ್ಡು ಸಿಕ್ಕಿರಬಹುದೆಂದು ಯಾರೋ ಅವಳಿಗೆ ಕೇಳುವಂತೆಯೇ ಅಂದರು. ಮಲರ್ ಅಪ್ಪನ ಪಾದ ಹಿಡಿದು ಕೂತೇ ಇದ್ದಳು.

ಪರೆ ತಮಟೆಯ ಸದ್ದೊಂದೇ ಮುಂದಾಗಿ ಮೆರವಣಿಗೆ ಹೊರಟಿತು. ಹೆಂಗಸರು ಪದ್ಧತಿಯಂತೆ ಗೇಟಿನಲ್ಲೇ ನಿಂತರು. ಅನ್ನಪಾಕ್ಕಿಯಂ ಮಾತ್ರ ನಿಲ್ಲಲಿಲ್ಲ. ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದು, ಓಣಿ ದಾಟಿ, ನೇರ ತಾಳೆಮರದ ಕಡೆಗೆ ನಡೆದಳು. ಹೋದ ಮಂಗಳವಾರ ಅಪ್ಪ ಸಿಂಹಳದಲ್ಲಿ ಬರೆದುಕೊಟ್ಟಿದ್ದ ಅರ್ಜಿ ಅದು.

“ಬೇಡ ಆಚ್ಚೀ,” ಎನ್ನುತ್ತ ಮಲರ್ ಹಿಂದೆ ಓಡಿದಳು. ಅಷ್ಟರಲ್ಲಿ ಕಾಗದ ಕನ್ನಡಕದವನ ಕೈ ಸೇರಿತ್ತು.

ಅವನು ನಿಂತೇ ಓದಿದ. ತುಟಿ ಅಲುಗುತ್ತಿತ್ತು. ಇದನ್ನು ಬರೆದವರು ಯಾರು ಎಂದು ಕೇಳಿದ. ಮಲರ್ ಓಣಿಯ ಕೊನೆಯಲ್ಲಿ ತಿರುಗುತ್ತಿದ್ದ ಶವಪೆಟ್ಟಿಗೆಯ ಕಡೆಗೆ ಕೈ ತೋರಿಸಿದಳು.

ಅವನು ಅತ್ತ ನೋಡಿದ, ಪೆಟ್ಟಿಗೆ ಮರೆಯಾಗುವವರೆಗೂ. ಮತ್ತೆ ಮೊದಲಿನಿಂದ ಓದಿದ. ಆಮೇಲೆ ಕಾಗದವನ್ನು ಮೋಟಾರ್ ಸೈಕಲ್ಲಿನ ಸೀಟಿನ ಮೇಲೆ ಹರಡಿ, ಜೇಬಿನಿಂದ ಪೆನ್ನು ತೆಗೆದು, ಒಂದು ಅಕ್ಷರಕ್ಕೆ ಬಿಟ್ಟುಹೋಗಿದ್ದ ಕೊಂಬನ್ನು ಹಾಕಿದ.