ತಾರಸಿಯ ಮೇಲಿನ ನಡುಕ

ನಾನು ಒಂದು ಹೀಟ್ ಪಂಪ್. ಗಾಳಿಯಲ್ಲಿರುವ ಬಿಸಿಯನ್ನು ಹೀರಿ ಸ್ನಾನದ ನೀರು ಕಾಯಿಸುವುದು ನನ್ನ ಕೆಲಸ. ಹುಟ್ಟಿದ್ದು ತಗಡಿನ ಚಾವಣಿಯ ಕಾರ್ಖಾನೆಯೊಂದರಲ್ಲಿ. ನನ್ನ ಹೊಟ್ಟೆಯೊಳಗೆ ಕಂಪ್ರೆಸರ್ ಇಟ್ಟು ಚಾಲೂ ಮಾಡಿದ ಕ್ಷಣದಿಂದಲೇ ನನಗೆ ನಡುಕ ಹತ್ತಿತು. ಸುಮ್ಮನಿರಬೇಕೆಂದರೆ ಕೆಲಸವನ್ನೇ ನಿಲ್ಲಿಸಬೇಕು. ಅದಕ್ಕೇ, ನಡುಕ ನೆಲಕ್ಕೆ ಇಳಿಯದಿರಲೆಂದು, ಕಾಲುಗಳಿಗೆ ನಾಲ್ಕು ರಬ್ಬರ್ ಮೆತ್ತೆ ತೊಡಿಸಿ ಕಳಿಸಿದರು.

ಬಂದು ಸೇರಿದ್ದು ಹಾಸನದ ಶಾಂತಮಲ್ಲಪ್ಪ ಪಂಡಿತರ ಮನೆಯ ತಾರಸಿಗೆ. ಪಂಡಿತರು ಮುಂಗೈ ಮೇಲೆ ಮೂರು ಬೆರಳಿಟ್ಟು, ನಾಡಿ ನೋಡಿ ಔಷಧಿ ಕೊಡುವವರು. ಹಂಡೆ ಒಲೆಯ ಹೊಗೆ ಮಾವನಿಗೆ ಆಗುವುದಿಲ್ಲವೆಂದು ಸೊಸೆ ಸರ್ವಮಂಗಳ ನನ್ನನ್ನು ತರಿಸಿದ್ದಳು.

ಗಾರೆ ಕೆಲಸದ ಚೆಲುವಯ್ಯ ನನ್ನ ಕಾಲು ನೋಡಿ ನಕ್ಕ. "ಏನವ್ವಾ ಇದು, ಮೆತ್ತೆ ಮ್ಯಾಲೆ ಕೂರೋ ಮಹಾರಾಜ! ಗಾಳಿಗೆ ನಿಲ್ತದಾ?" ಮೆತ್ತೆಗಳು ಮುಳುಗುವಷ್ಟು ಸಿಮೆಂಟು ತುಂಬಿದ. ಪೈಪು ಇಳಿಯುವ ತೂತನ್ನೂ ಬಿಗಿಯಾಗಿ ಮುಚ್ಚಿದ. ಕರಣೆಯಿಂದ ನುಣ್ಣಗೆ ತೀಡಿ, "ಇನ್ನು ಆನೆ ಗುದ್ದಿದ್ರೂ ಜಗ್ಗಕ್ಕಿಲ್ಲ" ಎಂದ. ಸರ್ವಮಂಗಳ ನನ್ನ ಹಣೆಗೆ ಅರಿಶಿನ ಕುಂಕುಮ ಹಚ್ಚಿದಳು.

ಅಂದಿನಿಂದ ನನ್ನ ನಡುಕ ತಾರಸಿಗೆ ಇಳಿಯಿತು, ಗೋಡೆಗೆ ಇಳಿಯಿತು, ನನ್ನ ಕೆಳಗೇ ಇದ್ದ ಪಂಡಿತರ ಕೋಣೆಯಲ್ಲಿ ರೋಗಿಗಳು ಕೈಯಿಡುವ ಮೇಜಿಗೂ ಇಳಿಯಿತು. ಅದೇ ದಾರಿಯಲ್ಲಿ ಕೆಳಗಿನ ಮಾತು ನನ್ನತ್ತ ಏರಿ ಬರುತ್ತಿತ್ತು.

"ಬರೋರದ್ದೆಲ್ಲ ಒಂದೇ ನಾಡಿ ಆಗೋಯ್ತಲ್ಲ" ಎಂದರು ಪಂಡಿತರು ಒಂದು ದಿನ. ಮತ್ತೊಂದು ದಿನ, "ನನ್ನ ಕೈ ಹೋಯ್ತು ಕಣವ್ವ. ಯುಗಾದಿ ಕಳೀಲಿ, ಬೋರ್ಡು ಇಳಿಸಿಬಿಡಾಣ."

ಅವರ ಕೈ ಹೋಗಿಲ್ಲ, ನಡುಗುತ್ತಿರುವುದು ನಾನು ಎಂದು ಹೇಳಬೇಕಿತ್ತು. ನನಗಿದ್ದದ್ದು ಒಂದೇ ಸ್ವರ. ಅದೇ ಅವರನ್ನು ಕೆಡಿಸುತ್ತಿತ್ತು.

ಒಂದು ಬೆಳಿಗ್ಗೆ ಕರೆಂಟು ಹೋಯಿತು. "ನಾಡಿ ಸಿಕ್ತು!" ಎಂದರು ಪಂಡಿತರು. ಕರೆಂಟು ಬಂದೊಡನೆ, "ಮತ್ತೆ ಹೋಯ್ತಲ್ಲ" ಎಂದರು. ಆಗ ಸರ್ವಮಂಗಳ ಕೂಗಿದಳು, "ಮಾವ, ಲೋಟದ ನೀರು ನೋಡಿ! ನಡುಗ್ತಿರೋದು ನಿಮ್ಮ ಕೈಯಲ್ಲ, ಮೇಜು!"

ಮರುದಿನವೇ ಮೆಕ್ಯಾನಿಕ್ ಅಫ್ರೋಜ್ ಬಂದ. ಸಿಮೆಂಟು ಒಡೆಯಲು ಚೆಲುವಯ್ಯನನ್ನೇ ಕರೆಸಿದರು. "ಎಷ್ಟು ಚೆಂದಾಗಿ ಮಾಡಿದ್ದೆ" ಎಂದು ಅವನು ಗೊಣಗಿದ.

"ಅದೇ ತೊಂದ್ರೆ ಆಗಿದ್ದು ಅಣ್ಣಾ. ಇದಕ್ಕೆ ಕುಣಿಯೋಕೆ ಜಾಗ ಬಿಡಬೇಕಿತ್ತು" ಎಂದ ಅಫ್ರೋಜ್.

ಹೊಸ ದಪ್ಪ ರಬ್ಬರ್ ಬಂತು, ನಡುವೆ ಬಳುಕುವ ಪೈಪಿನ ತುಂಡು ಬಂತು, ತೂತಿನ ಸುತ್ತ ಉಣ್ಣೆಯಂಥ ಮೆತ್ತನೆಯ ಪಟ್ಟಿ ಬಂತು. ನನ್ನ ನಡುಕ ನನ್ನಲ್ಲೇ ಉಳಿಯಿತು. ಕೆಳಗಿನ ಮಾತೂ ನಿಂತುಹೋಯಿತು.

ಆ ಮೌನ ನನಗೆ ಸಹಿಸಲಾಗಲಿಲ್ಲ. ಅವರ ಬೆರಳಿಗೆ ನಾಡಿ ಸಿಗುತ್ತಿದೆಯೋ ಇಲ್ಲವೋ ಯಾರು ಹೇಳಬೇಕು? ಬೋರ್ಡು ಇಳಿಸುವ ಸದ್ದಿಗಾಗಿ ದಿನವೂ ಕಾದೆ.

ಯುಗಾದಿಯ ಹೊತ್ತಿಗೆ ಪಂಡಿತರು ಬೆಳಗಿನ ಎಳೆಬಿಸಿಲು ಕಾಯಲು ತಾರಸಿಗೆ ಬಂದರು. ಬಟ್ಟೆ ಹರವುತ್ತಿದ್ದ ಸೊಸೆಯನ್ನು ಕರೆದು ಅವಳ ಮುಂಗೈ ಹಿಡಿದರು.

"ಸಿಗ್ತದಾ ಮಾವ?"

"ಸಿಗ್ತದೆ. ಜೊತೆಗೆ ಇನ್ನೊಂದೂ ಸಿಗ್ತದೆ. ಗದ್ದಲದಲ್ಲಿ ಗೊತ್ತಾಗಿರ್ಲಿಲ್ಲ. ಇದು ನಂದೇ ನಡುಕ."

ಅವಳು ನನ್ನ ಸ್ವಿಚ್ಚಿನತ್ತ ಕೈ ಚಾಚಿದಳು.

"ಬಿಡವ್ವಾ, ಪಾಪ, ಅದೇನು ಮಾಡ್ತು?" ಎನ್ನುತ್ತ ಪಂಡಿತರು ಅವಳ ಮೂರು ಬೆರಳನ್ನು ತಮ್ಮ ಮಣಿಕಟ್ಟಿನ ಮೇಲೆ ಇರಿಸಿಕೊಂಡರು. "ಕಣ್ಣು ಮುಚ್ಕೋ. ಏನೂ ಹೇಳ್ಬೇಡ. ಮೊದಲು ಕೇಳು."

ಆಮೇಲೆ ಎಷ್ಟೋ ವರ್ಷ ಅವರಿಬ್ಬರೂ ಹೀಗೆ ಬಂದು ಕೂತರು. ಕೊನೆಗೊಮ್ಮೆ ಅವಳೊಬ್ಬಳೇ ಬಂದಳು.

ಈಗ ನಾನು ಗುಜರಿಯಲ್ಲಿದ್ದೇನೆ. ಕಂಪ್ರೆಸರ್ ಕಿತ್ತಿದ್ದಾರೆ, ನಡುಕ ಹೋಗಿದೆ. ಆದರೂ ನೆಮ್ಮದಿಯಿಲ್ಲ, ನಡುಗದೆ ಇರುವುದು ನನಗೆ ಗೊತ್ತಿಲ್ಲ. ಮನೆ ಬಿಟ್ಟ ದಿನವನ್ನೇ ಮತ್ತೆಮತ್ತೆ ನೆನೆಯುತ್ತೇನೆ. ನಾಲ್ವರು ನನ್ನನ್ನು ಹೊತ್ತು ಮೆಟ್ಟಿಲಿಳಿಯುತ್ತಿದ್ದರು. ಪಂಡಿತರ ಕೋಣೆಯ ಬಾಗಿಲು ತೆರೆದಿತ್ತು. ಆ ಕೋಣೆಯನ್ನು ನಾನು ಕಂಡಿದ್ದು ಅದೇ ಮೊದಲು. ಸರ್ವಮಂಗಳ ಒಬ್ಬ ಅಜ್ಜಿಯ ಮುಂಗೈ ಹಿಡಿದು ಕೂತಿದ್ದಳು.

"ಒಂಚೂರು ತಡೀರಿ" ಎಂದಳು, ಕಣ್ಣು ತೆರೆಯದೆ.

ನಾಲ್ವರೂ ನನ್ನ ಭಾರ ಹೊತ್ತು, ಉಸಿರು ಬಿಗಿಹಿಡಿದು, ಅವಳು ಬೆರಳು ತೆಗೆಯುವವರೆಗೂ ಮೆಟ್ಟಿಲ ಮೇಲೆ ನಿಂತರು.